ಬೋಂಡನಿಗೆ ಗೇಟು ಕಲಿಸಿದ ಆಂಟಿ

ಜನವರಿಯ ಶನಿವಾರ, ಬೆಳಿಗ್ಗೆ ಆರು ಹತ್ತು. ರಂಗೋಲಿ ಪುಡಿ ಮೆತ್ತಿದ ಎರಡು ಬೆರಳುಗಳನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದು, ಎದುರುಮನೆಯ ಆಂಟಿ ಹಲಸೂರಿನ ನಮ್ಮ ಗಲ್ಲಿಯ ಮಂಜಿನಲ್ಲಿ ನಿಂತಿದ್ದರು. ನಾನು ಬರಿಗಾಲಲ್ಲಿ ಅವರನ್ನು ದಾಟಿ ಓಡಿದೆ. ನಮ್ಮ ನಾಯಿ ಬೋಂಡ ಮತ್ತೆ ತಪ್ಪಿಸಿಕೊಂಡಿದ್ದ.

ಅಮ್ಮ ಬಾಗಿಲಿಗೆ ನೀರು ಹಾಕಲು ಗೇಟು ತೆರೆದರೆ ಸಾಕು, ಅವನು ನುಸುಳಿ ಮುಖ್ಯರಸ್ತೆಯ ಬಸ್ಸುಗಳತ್ತ ಹಾರುತ್ತಿದ್ದ. ನನ್ನ ಡೈರಿಯ ಪ್ರಕಾರ ಅದು ಆ ತಿಂಗಳ ಒಂಬತ್ತನೆಯ ಸಲ. "ಇನ್ನೊಂದ್ಸಲ ಓಡಿದ್ರೆ ಹೊಸಕೋಟೆ ತೋಟಕ್ಕೆ ಕೊಟ್ಬಿಡ್ತೀನಿ," ಎಂದು ಅಪ್ಪ ಹೇಳಿಯಾಗಿತ್ತು.

"ಓಡ್ಬೇಡ ಕಣ್ಣಾ! ನೀನು ಓಡಿದ್ರೆ ಅವನಿಗೆ ಆಟ. ತಿರುಗಿ ಮನೆ ಕಡೆ ನಡಿ," ಎಂದರು ಆಂಟಿ.

ಬೆನ್ನು ತಿರುಗಿಸಿ ನಡೆದೆ. ಸ್ವಲ್ಪ ಹೊತ್ತಿಗೆ ಹಿಂದೆ ಉಗುರುಗಳ ಟಕಟಕ ಸದ್ದು. ಗೇಟಿನ ಹತ್ತಿರ ಬಂದವನಿಗೆ "ಕತ್ತೆ!" ಎಂದು ಕೈಯೆತ್ತಿದೆ.

"ಮನೆಗೆ ಬಂದೋರನ್ನ ಬಾಗ್ಲಲ್ಲೇ ಬೈತಾರಾ? ಮತ್ಯಾಕೆ ಬರ್ತಾನೆ ಅವನು?" ಎಂದರು ಆಂಟಿ.

ಮರುದಿನದಿಂದ ಅವರೇ ಬಂದರು, ಮುಷ್ಟಿಯಲ್ಲಿ ಇಡ್ಲಿ ಚೂರು. ಅಮ್ಮ ಗೇಟನ್ನು ಒಂದು ಬೆರಳಷ್ಟು ತೆರೆಯಬೇಕು. ಬೋಂಡ ಎದ್ದರೆ ಮುಚ್ಚಬೇಕು, ಕೂತೇ ಇದ್ದರೆ ಇಡ್ಲಿ. ಮೊದಲ ದಿನ ಇಡ್ಲಿಯನ್ನೂ ತಿಂದ, ಓಡಿಯೂ ಹೋದ. "ಬುದ್ಧಿವಂತ. ನಿಮ್ಮಪ್ಪನ ಥರ," ಎಂದು ಆಂಟಿ ನಕ್ಕರು. ಅವರಿಗೆ ಅವಸರವೆಂಬುದೇ ಇರಲಿಲ್ಲ.

ಹೊಂಗೆ ಹೂ ಉದುರುವ ಹೊತ್ತಿಗೆ ಗೇಟು ಪೂರ್ತಿ ತೆರೆದಿರುತ್ತಿತ್ತು. ಅಮ್ಮ ರಂಗೋಲಿಯ ಕೊನೆಯ ಎಳೆ ಎಳೆಯುವವರೆಗೂ ಬೋಂಡ ಒಳಗೇ ಕೂತು, ಮೂಗಿನ ಮೇಲೆ ಹೂ ಬಿದ್ದರೂ ಕೊಡವದೆ, ಕನಸು ಕಾಣುವವನಂತೆ ಬೀದಿ ನೋಡುತ್ತಿದ್ದ. ಅಪ್ಪ ಹೊಸಕೋಟೆಯ ಮಾತೆತ್ತುವುದನ್ನು ಬಿಟ್ಟರು.

"ಇದೆಲ್ಲ ಹೇಗೆ ಗೊತ್ತು ಆಂಟಿ ನಿಮಗೆ?" ಎಂದು ಒಮ್ಮೆ ಕೇಳಿದೆ.

"ಚಿಕ್ಕೋಳಿದ್ದಾಗ, ಬೆನ್ಸನ್ ಟೌನಲ್ಲಿ, ನಮ್ಮನೇಲೂ ಒಂದಿತ್ತು. ಕಂದು ಬಣ್ಣ, ಒಂದು ಕಿವಿ ಮಡಚ್ಕೊಂಡಿತ್ತು. ಗೇಟು ದಾಟ್ತು, ನಾವೆಲ್ಲ ಕೂಗ್ತಾ ಹಿಂದೆ ಓಡಿದ್ವಿ. ಅದು ಇನ್ನೂ ಮುಂದಕ್ಕೆ ಓಡ್ತು. ಮತ್ತೆ ಬರ್ಲೇ ಇಲ್ಲ ಕಣ್ಣಾ."

ಆಮೇಲೆ ಬಹಳ ಹೊತ್ತು ಬೋಂಡನ ಕಿವಿ ಸವರುತ್ತ ಕೂತರು.

ಕಳೆದ ಮಳೆಗಾಲದಲ್ಲಿ ಆಂಟಿ ತೀರಿಕೊಂಡರು. ಅಂದು ಬೋಂಡ ಎದ್ದು, ಬೀದಿ ದಾಟಿ, ಚಪ್ಪಲಿಗಳ ರಾಶಿಯ ನಡುವೆ ಅವರ ಬಾಗಿಲಲ್ಲಿ ಮಲಗಿದ. ನಾವು ಯಾರೂ ಹಿಂದೆ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಾನೇ ಬಂದ. "ಬಾಪ್ಪಾ," ಎಂದಳು ಅಮ್ಮ.

ಹಳೆಯ ಬೆನ್ಸನ್ ಟೌನಿನವರು ಇದನ್ನು ಓದುತ್ತಿದ್ದರೆ, ಕಿವಿ ಮಡಚಿದ ಆ ಕಂದು ನಾಯಿಯ ಸುದ್ದಿಯನ್ನು ಹಿರಿಯರಿಂದಲಾದರೂ ಕೇಳಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಅದು ಯಾರದೋ ಮನೆ ಸೇರಿತ್ತು ಎಂಬಷ್ಟು ತಿಳಿದರೆ ಸಾಕು.