ಸೋಮವಾರ ಕೆಡುವ ಓವನ್

ತುಮಕೂರಿನ ಅನಂತರಾಜುವಿಗೆ ಗೀಸರ್ ರಿಪೇರಿ ಮಾಡುವುದು ಗೊತ್ತು, ಬಾಯಿ ಮುಚ್ಚಿಕೊಂಡು ಮಾಡುವುದು ಗೊತ್ತಿಲ್ಲ. ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಜೆರಾಕ್ಸ್ ಅಂಗಡಿ. ಆ ಬಾಯಿಗೆ ಊರಲ್ಲಿ ಅತಿ ಹೆಚ್ಚು ಸಿಕ್ಕವನು ನಾನೇ ಆದ್ದರಿಂದ ಅವನ ಬಗ್ಗೆ ಬರೆಯುವ ಹಕ್ಕೂ ನನ್ನದೇ.

ಬೇರೆ ಮೆಕ್ಯಾನಿಕ್‌ಗಳು ಬರುತ್ತಾರೆ, ಸುಟ್ಟ ಕಾಯಿಲ್ ತೆಗೆದು ಹೊಸದು ಹಾಕುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಇವನು ಹಾಗಲ್ಲ. ಕೆಟ್ಟ ಕಾಯಿಲನ್ನು ಹಳೇ ಪೇಪರಿನ ಮೇಲೆ ಮಲಗಿಸಿ, ಮನೆಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಇದನ್ನು ಕೊಂದವರು ಯಾರು ಎಂದು ಹೇಳಲೇಬೇಕು. ಹೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಕುಣಿಗಲ್‌ನ ಒಂದು ಮನೆಯಲ್ಲಿ ಗೀಸರಿನ ಥರ್ಮೋಸ್ಟಾಟ್ ಸುಟ್ಟಿತ್ತು. ಸೊಸೆ ಸ್ವಿಚ್ ಆರಿಸುವುದಿಲ್ಲ ಎಂದು ಯಜಮಾನರ ದೂರು. ಇವನು ತಣ್ಣಗೆ, "ಸ್ನಾನಕ್ಕೆ ಕೊನೇಲಿ ಹೋಗೋರು ಯಾರು?" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಯಜಮಾನರು ಟವೆಲ್ ಸರಿಮಾಡಿಕೊಂಡರು. "ನೀವೇ ಕಣ್ರೀ ಕೊಲೆಗಾರ್ರು" ಎಂದುಬಿಟ್ಟ. ಆ ಮನೆಗೆ ಈಗ ಬೇರೆಯವನು ಹೋಗುತ್ತಾನೆ.

ಯಡಿಯೂರಿನಲ್ಲೂ ಇದೇ ಕತೆ. ಟ್ಯಾಂಕಿನಲ್ಲಿ ನೀರಿಲ್ಲದಾಗ ಗೀಸರ್ ಹಾಕಿದ್ದು ಗಂಡನೋ ಹೆಂಡತಿಯೋ ಎಂದು ತನಿಖೆ ಶುರುಮಾಡಿ, ಅವರಿಬ್ಬರೂ ಜಗಳಕ್ಕೆ ನಿಂತು, ಕೊನೆಗೆ ಜಗಳ ಬಿಡಿಸುವ ಕೆಲಸವೂ ಇವನಿಗೇ ಬಿತ್ತು.

"ನಿನಗೆ ಯಾಕಪ್ಪ ಊರ ಉಸಾಬರಿ?" ಎಂದು ನಾನು ಕೇಳಿದ್ದುಂಟು.

"ರೋಗ ಏನಂತ ಹೇಳ್ದೆ ಮಾತ್ರೆ ಕೊಡೋಕಾಗ್ತದೇನ್ಲಾ? ತಪ್ಪು ಯಾರ್ದು ಅಂತ ಗೊತ್ತಾಗ್ದಿದ್ರೆ ಮತ್ತೆ ಅದೇ ಮಾಡ್ತಾರೆ ಕಣೋ!"

ಇಷ್ಟು ಹೇಳುವವನ ಮನೆಯ ಗೀಸರ್ ಹೋದ ಚಳಿಗಾಲದಿಂದ ಸತ್ತು ಗೋಡೆಯಲ್ಲಿ ನೇತಾಡುತ್ತಿದೆ. ಹೆಂಡತಿ ರೂಪಶ್ರೀ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸುತ್ತಾಳೆ. ಅದನ್ನು ಕೊಂದವರು ಯಾರೆಂದು ಅವನು ಈವರೆಗೂ ಬಾಯಿ ಬಿಟ್ಟಿಲ್ಲ.

ಇಂಥವನ ಗರ್ವ ಇಳಿಸಿದ್ದು ಗುಬ್ಬಿಯ ಒಂದು ಓವನ್. ಅಲ್ಲಿಯ ಪ್ರಭುದೇವನ ಹೆಂಡತಿ ನಂದಿತಾ ಮನೆಯಲ್ಲೇ ಮೊಟ್ಟೆ ಹಾಕದ ಕೇಕು, ಬೆಣ್ಣೆ ಬಿಸ್ಕತ್ತು ಮಾಡಿ ಮಾರುತ್ತಾಳೆ. ಪ್ರತಿ ಸೋಮವಾರ ಬೆಳಿಗ್ಗೆ ತುಮಕೂರಿಗೆ ಬಂದು ಮಾಲು ಕೊಟ್ಟು, ಮೈದಾ ಬೆಣ್ಣೆ ಕೊಂಡು ಮಧ್ಯಾಹ್ನ ಊರು ಸೇರುತ್ತಾಳೆ. ಒಂದು ಸೋಮವಾರ ಹಾಗೆ ಹಿಂತಿರುಗಿ ಓವನ್ ಹಾಕಿದರೆ ಇಡೀ ಮನೆಯ ಕರೆಂಟು ಟ್ರಿಪ್ಪಾಯಿತು. ಅನಂತರಾಜು ಬುಧವಾರ ಹೋಗಿ ಎಲಿಮೆಂಟ್ ಬದಲಾಯಿಸಿ ಬಂದ. ವಾರವೆಲ್ಲ ಓವನ್ ಚೆನ್ನಾಗಿ ಬೇಯಿಸಿತು. ಮುಂದಿನ ಸೋಮವಾರ ಮತ್ತೆ ಟ್ರಿಪ್. ಈ ಸಲ ಥರ್ಮೋಸ್ಟಾಟ್ ಬದಲಾಯಿಸಿದ. ಅದರ ಮುಂದಿನ ಸೋಮವಾರ ಮತ್ತೆ ಅದೇ ಹಾಡು.

"ಲೈನ್ ವೋಲ್ಟೇಜೇ ಸರಿಯಿಲ್ಲ ಕಣೋ" ಎಂದ ನನ್ನ ಹತ್ತಿರ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹಾಗೆಂದೇ ಬಾಯಿಬಿಟ್ಟು ಹೇಳಿದೆ, ಅವನು ಅವತ್ತು ನನಗೆ ಟೀ ಹೇಳಲಿಲ್ಲ.

ಅದೇ ಸೋಮವಾರ ಮಧ್ಯಾಹ್ನ ನಂದಿತಾ ಫೋನಿನಲ್ಲಿ ಅಳುವುದೊಂದು ಬಾಕಿ. "ಅನಂತಣ್ಣ, ಇವತ್ತೇ ಬನ್ನಿ. ಇನ್ನೊಂದ್ ಸಲ ಕೆಟ್ರೆ ಈ ಆಟದ ಸಾಮಾನು ಅಟ್ಟಕ್ಕೆ ಹಾಕ್ತೀನಿ ಅಂತ ನಮ್ಮನೆಯೋರು ಕಡ್ಡಿ ಮುರ್ದಂಗೆ ಹೇಳವ್ರೆ. ಅಟ್ಟಕ್ ಹೋದ್ರೆ ಅದು ವಾಪಸ್ ಬರಲ್ಲ. ನಾನೂ ಕೇಳೋಕಾಗಲ್ಲ." ಆಮೇಲೆ ದನಿ ತಗ್ಗಿಸಿ, "ನಾನಿಲ್ದಾಗ ಅತ್ತೇನೇ ಏನೋ ಮಾಡ್ತಾವ್ರೆ ಅನ್ಸುತ್ತೆ. ಅವ್ರಿಗೆ ಮೊದಲಿಂದ್ಲೂ ಇದು ಆಗಿಬರಲ್ಲ" ಎಂದಳು.

ಅನಂತರಾಜುವಿನ ಸ್ಕೂಟರು ಕೆಟ್ಟಿತ್ತು. ನನ್ನ ಬೈಕಿನಲ್ಲೇ ಇಬ್ಬರೂ ಹೊರಟೆವು. ಅವನ ಬಾಯಿಗೆ ಬೀಗ ಹಾಕುವವನೊಬ್ಬ ಜೊತೆಗಿರಲಿ ಎಂಬುದೂ ನನ್ನ ಲೆಕ್ಕಾಚಾರ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಎರಡೂ ಕಾಲ ಒಂದೇ ಅಡುಗೆಮನೆಯಲ್ಲಿ ನಿಂತಿರುವಾಗ ಇವನು ಹೋಗಿ ಕೊಲೆಗಾರರ ಹೆಸರು ಹೇಳಿದರೆ ಆ ಮನೆ ಒಡೆದೇ ಹೋದೀತು.

ಹೋದಾಗ ಪ್ರಭುದೇವ ಆಗಲೇ ಅಟ್ಟ ಖಾಲಿ ಮಾಡುತ್ತಿದ್ದ. ಅವನ ತಾಯಿ ಸಿದ್ದಗಂಗಮ್ಮ ಹಣೆ ತುಂಬ ವಿಭೂತಿ ಬಳಿದುಕೊಂಡು ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ನೋಡಿ, "ಮತ್ತೆ ಬಂದ್ಯೇನಪ್ಪಾ?" ಎಂದರು. ಅದು ಸ್ವಾಗತವೋ ಮಂಗಳಾರತಿಯೋ ಅವನಿಗೂ ತಿಳಿಯಲಿಲ್ಲ.

ಅನಂತರಾಜು ಓವನ್ ತಿರುಗಿಸಿದ. ಹಿಂಬದಿಯ ತಗಡಿಗೆ ಮೂರು ಬೆರಳಿನ ವಿಭೂತಿ. ಮೊದಲೆರಡು ಸಲವೂ ಅವನು ಅದನ್ನು ನೋಡಿದ್ದ, ಆದರೆ ತಲೆಗೆ ಹಚ್ಚಿಕೊಂಡಿರಲಿಲ್ಲ. ಮಠದ ಭಕ್ತರ ಮನೆ; ಫ್ರಿಜ್ಜಿಗೂ ವಿಭೂತಿ, ಕರೆಂಟು ಮೀಟರಿಗೂ ವಿಭೂತಿ, ಇನ್ನು ಓವನ್ ಯಾವ ಲೆಕ್ಕ? ಈ ಸಲ ಪಕ್ಕದ ತಗಡನ್ನೂ ಬಿಚ್ಚಿದ. ಒಳಗೆ ಶಾಖ ಹೊರಬರದಂತೆ ಸುತ್ತಿದ ಬಿಳಿಯ ಗಾಜಿನ ಉಣ್ಣೆ ಇರುತ್ತದೆ. ಕೈಯಿಟ್ಟು ಹಿಂಡಿದರೆ ನೀರು ತೊಟ್ಟಿಕ್ಕಿತು. ಅದರ ನಡುವೆ ಒಂದು ಬಿಲ್ವಪತ್ರೆ, ಇನ್ನೂ ಹಸಿರಾಗಿತ್ತು.

ಈಗ ಎಲ್ಲ ಸ್ಪಷ್ಟ. ಸೋಮವಾರ ಯಾರೋ ಓವನ್ನಿಗೆ ಸ್ನಾನ ಮಾಡಿಸುತ್ತಾರೆ, ಒಳಗೆ ಇಳಿದ ನೀರು ಕರೆಂಟನ್ನು ಟ್ರಿಪ್ ಮಾಡಿಸುತ್ತದೆ. ಇವನು ಬುಧವಾರ ಬಂದು ಎಲಿಮೆಂಟ್ ಬದಲಾಯಿಸುವಷ್ಟರಲ್ಲಿ ಅದು ತಾನಾಗಿಯೇ ಒಣಗಿರುತ್ತದೆ, ಹೆಸರು ಮಾತ್ರ ಇವನಿಗೆ. ಅವನ ಮುಖ ನೋಡಿದೆ. ಕೊಲೆಗಾರರು ಸಿಕ್ಕ ಖುಷಿಯಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ನಂದಿತಾ ಅತ್ತೆಯ ಕಡೆ ನೋಡುತ್ತಿದ್ದ ನೋಟ ನನಗೇ ಚುಚ್ಚುವಂತಿತ್ತು. ನಾನು ಅವನ ಕಾಲನ್ನು ಜೋರಾಗಿ ತುಳಿದೆ.

ಜನ್ಮದಲ್ಲಿ ಮೊದಲ ಬಾರಿಗೆ ಅನಂತರಾಜು ಸತ್ಯವನ್ನು ನುಂಗಿದ. ನುಂಗಿ ರೂಢಿಯಿಲ್ಲದವನು, ಬಾಯಿಗೆ ಬಂದದ್ದನ್ನು ಹೇಳಿದ.

"ಜಿರಲೆ ಸೇರ್ಕಂಡವೆ ಕಣಮ್ಮ ಒಳಗೆ. ಅವೇ ವೈರ್ ಕಡ್ದಿರೋದು."

ಅವರೆಕಾಯಿ ಮೊರ ದಡಾರನೆ ನೆಲಕ್ಕೆ ಬಿತ್ತು. "ಏನಂದೆ? ನಮ್ಮನೇಲಿ ಜಿರಲೆನಾ?" ಸಿದ್ದಗಂಗಮ್ಮ ಎದ್ದೇ ಬಂದರು. "ಯಾವನ್ಲಾ ನೀನು, ನನ್ ಅಡ್ಗೆಮನೇಲಿ ಜಿರಲೆ ಅನ್ನೋನು? ಸೋಮವಾರ ಸೋಮವಾರ ಒಲೆ ತೊಳ್ದಂಗೆ ಈ ಕಾರ್ತೀಕದಿಂದ ಅದನ್ನೂ ಕೈಯಾರೆ ತೊಳೀತೀನಿ ನಾನು! ಚೊಂಬಲ್ಲಿ ನೀರಾಕಿ, ಒಳಗೂ ಹೊರಗೂ ಉಜ್ಜಿ, ಪತ್ರೆ ಏರ್ಸಿ! ಜಿರಲೆ ಎಲ್ಲಿಂದ ಬರ್ತದೆ, ನಿನ್ ತಲೆಯಿಂದಾನಾ?"

ಓವನ್ ಕೊಂದಿದ್ದಕ್ಕಲ್ಲ, ಕೊಳಕು ಎನಿಸಿಕೊಂಡಿದ್ದಕ್ಕೆ ಅಮ್ಮನಿಗೆ ಸಿಟ್ಟು. ತಾನು ಕೊಂದೆ ಎಂಬ ಕಲ್ಪನೆಯೇ ಆಕೆಗಿರಲಿಲ್ಲ.

ಪ್ರಭುದೇವ ಅಟ್ಟದಿಂದ ತಲೆ ಚಾಚಿದ. "ಅವ್ವಾ, ಅದ್ಕೆ ಯಾಕವ್ವ ನೀರಾಕ್ದೆ? ಅದ್ಕೂ ಪೂಜೆನಾ?"

"ಯಾಕೆ ಅಂದ್ರೆ? ಹೊಲ ಉಳೋ ನಿನ್ ಟಿಲ್ಲರ್ ತೊಳ್ದು ಪೂಜೆ ಮಾಡಲ್ವಾ ನೀನು? ನನ್ ಒಲೆಗೆ ನಾನು ಮಾಡಲ್ವಾ? ಇವ್ಳು ದುಡಿಯೋದು ಇದ್ರಾಗೆ. ಇದ್ಕೆ ಮಾಡ್ಬಾರ್ದಾ?"

ದುಡಿಯೋದು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಂದಿತಾ ಮಾಡುವುದನ್ನು ಯಾರೂ ಆ ಮಾತಿನಿಂದ ಕರೆದಿರಲಿಲ್ಲ. ಆಟ ಅಂದಿದ್ದರು, ಹುಚ್ಚು ಅಂದಿದ್ದರು, ಟೈಂ ಪಾಸ್ ಅಂದಿದ್ದರು. ಪ್ರಭುದೇವನ ತಲೆ ಮೆಲ್ಲಗೆ ಅಟ್ಟದೊಳಕ್ಕೆ ಹೋಯಿತು.

"ಮತ್ತೆ ಇಷ್ಟು ದಿನ ನಂಗೆ ಯಾಕೆ ಹೇಳಿಲ್ಲ ಅತ್ತೆ? ವಿಭೂತೀನ ಹಿಂದುಗಡೆ ಯಾಕೆ ಹಚ್ತಿದ್ರಿ?" ಎಂದು ನಂದಿತಾ ಕೇಳಿದಳು.

"ಮುಂದೆ ಹಚ್ಚಿದ್ರೆ ಗಾಜು ಗಲೀಜಾಯ್ತು ಅಂತ ಒರೆಸಾಕ್ತೀಯ ನೀನು. ಒಂದ್ ಸಲ ಒರೆಸಾಕ್ದೆ, ನಾನ್ ನೋಡಿಲ್ವಾ?"

ಅನಂತರಾಜು ಒದ್ದೆ ಉಣ್ಣೆಯನ್ನು ಅಂಗಳದ ಬಿಸಿಲಿಗೆ ಹರಡಿ ಬಂದ. ನೀರು ಹಾಕಿದರೆ ಶಾಕ್ ಹೊಡೆಯುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ, ಪತ್ರೆ ಮೇಲಿಟ್ಟರೆ ಶಿವ ಬೇಡ ಅನ್ನಲ್ಲ ಎಂದು ಅಮ್ಮನಿಗೆ ಬಿಡಿಸಿ ಹೇಳಿದ. ಕೊಲೆಗಾರರು ಎಂಬ ಮಾತು ಎತ್ತಲಿಲ್ಲ. ಅವನು ಜಿರಲೆಯ ಮಾತನ್ನು ವಾಪಸು ತೆಗೆದುಕೊಳ್ಳುವವರೆಗೂ ಸಿದ್ದಗಂಗಮ್ಮ ಕಾಫಿ ಕೊಡಲಿಲ್ಲ.

"ಪೂಜೆ ಮಾಡೋವಾಗ ನನ್ನೂ ಕರೀಬಾರ್ದಾ ಅತ್ತೆ?" ಎಂದಳು ನಂದಿತಾ.

"ಸೋಮವಾರ ನೀನ್ ಮನೇಲಿ ಎಲ್ಲಿರ್ತೀಯವ್ವ ಕರೆಯೋಕೆ?"

ಆ ವಾರದಿಂದ ನಂದಿತಾ ತುಮಕೂರಿಗೆ ಮಂಗಳವಾರ ಬರುತ್ತಾಳೆ.