ಗುಂಡಿ ಒಂದೇ ಬಾಕಿ

ಈ ಬೀದಿಯಲ್ಲಿ ಸೋಮಾರಿ ಯಾರು ಎಂದು ಆಗ ಯಾರನ್ನು ಕೇಳಿದ್ದರೂ ನನ್ನ ಕಡೆಗೇ ಬೊಟ್ಟು ಮಾಡುತ್ತಿದ್ದರು. ಆರು ವರ್ಷ ಆ ಹೆಸರು ಹೊತ್ತೆ. ನನ್ನ ತಲೆಯ ಮೇಲೆ ಆ ಗೂಬೆ ಕೂರಿಸಿದವಳು ಹೊರಗಿನವಳಲ್ಲ, ನನ್ನ ಸ್ವಂತ ಅಕ್ಕನ ಮಗಳು.

ಹೊಲಿಗೆ ಅಂಗಡಿ ನನ್ನದೇ. ಎರಡು ಯಂತ್ರ, ಕತ್ತರಿಸಲು ಒಂದು ಉದ್ದನೆಯ ಮೇಜು, ಅದಕ್ಕೆ ಅಡ್ಡ ಒಂದು ಪರದೆ, ಗಿರಾಕಿಗೆ ಒಂದು ಸ್ಟೂಲು. ಅಳತೆ ತೆಗೆದು ಕತ್ತರಿಸಿ ಹೊಲಿಯುವವಳು ಅವಳು. ಕಾಜಾ ಹೊಲಿದು ಗುಂಡಿ ಹಾಕುವವಳು ನಾನು. ನಾನು ಹಾಕಿದ ಗುಂಡಿ ಕಿತ್ತುಬಂತೆಂದು ಇಂದಿಗೂ ಒಬ್ಬರೂ ವಾಪಸು ಬಂದಿಲ್ಲ. ಇದು ಜಂಬವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಹುಡುಗಿಯ ಕೈಯೇನೋ ಚಿನ್ನ. ತೊಂದರೆಯಿದ್ದದ್ದು ಬಾಯಲ್ಲಿ. ಯಾರು ಬಂದು "ನನ್ನ ಬಟ್ಟೆ ಆಯ್ತಾ?" ಎಂದರೂ ಒಂದೇ ಉತ್ತರ.

"ಇನ್ನೇನು ಆಗೋಯ್ತು, ಗುಂಡಿ ಒಂದೇ ಬಾಕಿ."

ಆ ಬಟ್ಟೆ ಮಡಿಕೆ ಕೂಡ ಬಿಚ್ಚದೆ ರಾಶಿಯ ತಳದಲ್ಲಿ ಮಲಗಿರುತ್ತಿತ್ತು. ಗಿರಾಕಿ ಮಾತ್ರ ಗುಂಡಿಯವಳಾದ ನನ್ನ ಕಡೆ ತಿರುಗಿ, "ಪಾಪ, ಇವರಿಗೂ ವಯಸ್ಸಾಯ್ತು" ಎಂದು ಲೊಚಗುಟ್ಟುತ್ತಿದ್ದರು. ಆಗ ನನಗೆ ಬರೀ ಐವತ್ತೆರಡು!

"ಯಾಕೇ ಹೀಗೆ ಹಸಿ ಸುಳ್ಳು ಹೇಳ್ತೀಯ?" ಎಂದು ಗದರಿದರೆ, "ಇಲ್ಲ ಅಂದ್ರೆ ಮುಖ ಸಪ್ಪಗೆ ಮಾಡ್ಕೋತಾರೆ ಚಿಕ್ಕಮ್ಮ. ನಂಗೆ ನೋಡಕ್ಕಾಗಲ್ಲ" ಎನ್ನುತ್ತಿದ್ದಳು. ಕೆಟ್ಟವಳಲ್ಲ, ಪುಕ್ಕಲಿ. ಇಷ್ಟಗಲ ಗುಂಡಿಗೆ ಇದ್ದಿದ್ದರೆ ಅವಳಿಗೆ ಗುಂಡಿಯ ನೆಪ ಬೇಕಾಗುತ್ತಿರಲಿಲ್ಲ. ಬೀದಿಯವರು ಅವಳಿಗೆ 'ಇನ್ನೇನು' ಎಂದೇ ಹೆಸರಿಟ್ಟಿದ್ದರು.

ಬೀದಿಯ ತುದಿಗೆ ಬಸ್ ನಿಲ್ದಾಣ. ಅಲ್ಲಿ ಬಸ್ಸುಗಳ ಹೊತ್ತು ಕೂಗುವವನಿಗೆ 'ಮೈಕು' ಎಂದು ಹೆಸರು. ಬೇರೆಯವರಾದರೆ "ಬಸ್ಸು ಈಗ ಬರಲಿದೆ" ಎಂದು ತೇಲಿಸಿಬಿಡುತ್ತಾರೆ. ಇವನು ಹಾಗಲ್ಲ: "ಬಸ್ಸು ಐವತ್ತೈದು ನಿಮಿಷ ತಡ. ಊಟ ಮುಗಿಸಿಕೊಂಡು ಬನ್ನಿ." ಜನ ಬೈದುಕೊಳ್ಳುತ್ತಿದ್ದರು, ಊಟಕ್ಕೂ ಹೋಗುತ್ತಿದ್ದರು. ಅವನ ದನಿ ನಮ್ಮ ಅಂಗಡಿಯವರೆಗೂ ಕೇಳುತ್ತಿತ್ತು.

ಒಂದು ಸಂಜೆ ಅವನೇ ತಿಳಿನೀಲಿ ಬಟ್ಟೆ ಹಿಡಿದು ಬಂದ.

"ಹದಿನೇಳನೇ ತಾರೀಕು ರೇಡಿಯೋದವರು ದನಿ ಪರೀಕ್ಷೆಗೆ ಕರೆದಿದಾರೆ. ಹತ್ತೂವರೆ ಬಸ್ಸಿಗೆ ಹೊರಡ್ಬೇಕು. ಅಷ್ಟರೊಳಗೆ ಒಂದು ಶರ್ಟು ಆಗುತ್ತಾ?"

"ಅದಕ್ಕೇನಂತೆ!" ಎಂದು ನಮ್ಮವಳು ಟೇಪು ಎತ್ತಿಕೊಂಡಳು. ಅವನ ಕುತ್ತಿಗೆಯ ಸುತ್ತಳತೆಯನ್ನು ಮೂರು ಸಲ ತೆಗೆದಳು. ಮೂರು ಸಲವೂ ಬೇರೆ ಬೇರೆ ಬಂತು. ನಾನು ಆಗಲೇ ಅರ್ಥ ಮಾಡಿಕೊಂಡೆ.

ಅವನು ದಿನಾ ಸಂಜೆ ಬಂದು ವಿಚಾರಿಸುತ್ತಿದ್ದ. ಇವಳದ್ದು ಅದೇ ಗುಂಡಿ ಪುರಾಣ. ಅವನು ನಂಬಿ, ಸ್ಟೂಲಿನ ಮೇಲೆ ಕೂತು, ಬಸ್ಸು ತಪ್ಪಿಸಿಕೊಂಡವರ ಕತೆ ಹೇಳಿ ನಗಿಸಿ ಹೋಗುತ್ತಿದ್ದ. ಹದಿನಾಲ್ಕಾಯಿತು, ಹದಿನೈದಾಯಿತು. ತಿಳಿನೀಲಿ ಬಟ್ಟೆ ಇದ್ದಲ್ಲೇ ಇತ್ತು.

"ಕತ್ತರಿ ಹಾಕೇ ಮಾರಾಯ್ತಿ!"

"ಕೊಟ್ಬಿಟ್ರೆ ಆಮೇಲೆ ಯಾಕೆ ಬರ್ತಾರೆ ಚಿಕ್ಕಮ್ಮ?" ಎಂದಳು. ಕಿವಿಯೆಲ್ಲ ಕೆಂಪು. ಆಗ ನಾನು ಕೆನ್ನೆಗೆ ಎರಡು ಬಿಡಬೇಕಿತ್ತು. ಬಿಡಲಿಲ್ಲ, ನಕ್ಕೆ. ಆ ತಪ್ಪು ನನ್ನದು.

ಹದಿನೇಳರಂದು ಹತ್ತು ಗಂಟೆಗೆ ಅವನು ತಲೆ ಬಾಚಿ, ಹಳೆಯ ಶರ್ಟಿನಲ್ಲಿ ಬಂದು ನಿಂತ. ಹೊಸದನ್ನು ಇಲ್ಲೇ ಹಾಕಿಕೊಂಡು ಹೋಗುವ ಲೆಕ್ಕ.

"ಹತ್ತೇ ನಿಮಿಷ ಕೂತ್ಕೊಳ್ಳಿ. ಗುಂಡಿ ಒಂದೇ ಬಾಕಿ," ಎಂದವಳೇ ಬಟ್ಟೆ ಬಾಚಿಕೊಂಡು ಪರದೆಯ ಹಿಂದೆ ಓಡಿದಳು. ಕತ್ತರಿ ಕರಕರ ಎನ್ನತೊಡಗಿತು. ಅವನು ಕೇಳುವಷ್ಟು ಕೇಳಿ, ನನ್ನ ಕಡೆ ತಿರುಗಿದ.

"ಗುಂಡಿ ಹಾಕಕ್ಕೆ ಇಷ್ಟೊಂದು ಕತ್ತರಿ ಬೇಕಾ ಅಮ್ಮ?"

ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತೆ. ಸೂಜಿಯಲ್ಲಿ ದಾರ ಆಗಲೇ ಇತ್ತು.

ಅಷ್ಟರಲ್ಲಿ ನಿಲ್ದಾಣದ ಮೈಕಿನಲ್ಲಿ ಬದಲಿ ಕೂತವನು ಕೂಗಿದ: "ಹತ್ತೂವರೆ ಬಸ್ಸು ಹೊರಟಿದೆ." ಊರಿಗೆಲ್ಲ ಬಸ್ಸು ಹತ್ತಿಸುತ್ತಿದ್ದವನು ತನ್ನ ಬಸ್ಸನ್ನು ನಮ್ಮ ಸ್ಟೂಲಿನ ಮೇಲೆ ಕೂತು ಕಳೆದುಕೊಂಡಿದ್ದ. ಅವನು ಎದ್ದು ಪರದೆ ಸರಿಸಿದ. ಮೇಜಿನ ಮೇಲೆ ಎರಡು ತೋಳು ಮಾತ್ರ ಬಿದ್ದಿದ್ದವು.

"ಹೇಳಿದ್ದಿದ್ರೆ ಹಳೇ ಶರ್ಟಲ್ಲೇ ಹೋಗ್ತಿದ್ದೆ," ಎಂದ. "ರೇಡಿಯೋದಲ್ಲಿ ಶರ್ಟು ಯಾರಿಗ್ರೀ ಕಾಣುತ್ತೆ? ಎಷ್ಟು ತಡ ಅಂತ ಸರಿಯಾಗಿ ಹೇಳಿದ್ರೆ ಜನ ಎಷ್ಟು ಹೊತ್ತಾದ್ರೂ ಕಾಯ್ತಾರೆ. ಸುಳ್ಳು ಹೇಳಿದ್ರೆ ಕಾಯಲ್ಲ."

ಆಮೇಲೆ ಅವನು ಬರಲಿಲ್ಲ. ದನಿ ಮಾತ್ರ ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು. ಪ್ರತಿ ಸಲವೂ ಇವಳ ಯಂತ್ರ ನಿಲ್ಲುತ್ತಿತ್ತು. ಎರಡು ಹೊತ್ತಿನ ಊಟದಲ್ಲಿ ಒಂದನ್ನು ಬಿಟ್ಟಳು. ನಾನು "ಮಾಡಿದ್ದುಣ್ಣೋ ಮಹರಾಯ" ಎನ್ನುತ್ತಲೇ ಅವಳ ಪಾಲಿನದನ್ನು ಮುಚ್ಚಿಡುತ್ತಿದ್ದೆ. ಎಂಟನೆಯ ದಿನ ಶರ್ಟು ಹೊಲಿದು ಮುಗಿಸಿ ನನ್ನ ಮಡಿಲಿಗೆ ಹಾಕಿದಳು.

"ಕಾಜಾ, ಗುಂಡಿ..."

"ಆಗಲ್ಲ ಕಣೇ. ಆರು ವರ್ಷ ನನ್ನ ತಲೆಗೆ ಕಟ್ಟಿದೀಯ. ಇದೊಂದು ನೀನೇ ಹಾಕು."

ಹಾಕಿದಳು. ಕಾಜಾ ನೋಡಿದರೆ ಇಲಿ ಕಚ್ಚಿದ ಹಾಗಿತ್ತು. ಹತ್ತನೆಯ ದಿನ ಬೆಳಿಗ್ಗೆ ಶರ್ಟನ್ನು ಮಡಿಸಿಕೊಂಡು, ನನಗೂ ಹೇಳದೆ ಹೊರಟಳು.

ಸ್ವಲ್ಪ ಹೊತ್ತಿಗೆ ನಿಲ್ದಾಣದ ಮೈಕು ಗೊರ್ ಎಂದಿತು. ಬಂದದ್ದು ಅವನ ದನಿಯಲ್ಲ. ಅವನನ್ನು ಕೇಳಿಕೊಂಡು, ಮೈಕಿನ ಗುಂಡಿಯನ್ನು ಅವಳೇ ಒತ್ತಿದ್ದಳಂತೆ.

"ಹೊಲಿಗೆ ಅಂಗಡಿ ಗಿರಾಕಿಗಳ ಗಮನಕ್ಕೆ. ನಾನು 'ಇನ್ನೇನು' ಮಾತಾಡ್ತಿರೋದು. ಹಲ್ಲಿನ ಡಾಕ್ಟರ ಕೋಟು ಇನ್ನೂ ಕತ್ತರಿಸಿಲ್ಲ, ಬುಧವಾರ ಸಿಗುತ್ತೆ. ಬೇಕರಿಯವರ ಪ್ಯಾಂಟಿಗೆ ಸದ್ಯಕ್ಕೆ ಒಂದೇ ಕಾಲಿದೆ, ಶುಕ್ರವಾರ ಬನ್ನಿ. ಗುಂಡಿ ಯಾವತ್ತೂ ಬಾಕಿ ಇರಲಿಲ್ಲ. ಸುಳ್ಳು ಹೇಳ್ತಿದ್ದೋಳು ನಾನು. ಚಿಕ್ಕಮ್ಮಂದು ಏನೂ ತಪ್ಪಿಲ್ಲ."

ಎದುರಿನ ಬೇಕರಿಯವನು ಹೊರಗೆ ಬಂದು, "ತಪ್ಪು ತಿಳ್ಕೊಂಡಿದ್ದೆ ಅಕ್ಕಾ" ಎಂದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಗುಂಡಿ ಒತ್ತಿದವಳಿಗೆ ಅದನ್ನು ಬಿಡಬೇಕೆಂಬುದು ತಿಳಿದಿರಲಿಲ್ಲ. ಮೈಕಿನಲ್ಲಿ ಅವನ ದನಿ ಮೆಲ್ಲಗೆ ಕೇಳಿತು.

"ಶರ್ಟು ಆಯ್ತಾ?"

"ಗುಂಡಿ ಒಂದೇ ಬಾಕಿ."

ಇಡೀ ಬೀದಿ ಗೊಳ್ಳೆಂದಿತು.

"ಅಯ್ಯೋ, ಇದು ನಿಜ! ಬೇಕಾದ್ರೆ ಎಣಿಸಿ ನೋಡಿ. ಕೊನೇದು ನಾನೇ ಬೇಕಂತ ಹಾಕಿಲ್ಲ. ಹಾಕಿದ್ರೆ ಕೊಡ್ಬೇಕು, ಕೊಟ್ರೆ ನೀವು ಇನ್ಯಾವತ್ತೂ ಬರಲ್ಲ. ಅದಕ್ಕೇ."

ಮೈಕಿನಲ್ಲಿ ಶರ್ಟಿನ ಮಡಿಕೆ ಬಿಚ್ಚಿದ ಸರಸರ ಕೇಳಿತು.

"ಎಷ್ಟು ಹೊತ್ತಾಗುತ್ತೆ?" ಎಂದ ಅವನು.

"ಚಿಕ್ಕಮ್ಮ ಆದ್ರೆ ಐದು ನಿಮಿಷ. ನಾನಾದ್ರೆ ನಲವತ್ತು."

"ನೀವೇ ಹಾಕಿ. ಕಾಯ್ತೀನಿ."

ಐದು ನಿಮಿಷದ ಕೆಲಸವಲ್ಲವೇ ಎಂದು ನಾನು ಆಗಲೇ ಸೂಜಿ ಹಿಡಿದು ಹೊಸ್ತಿಲು ದಾಟಿದ್ದೆ. ಆ ಮಾತು ಕೇಳಿ ವಾಪಸು ಬಂದು, ಗಿರಾಕಿಯ ಸ್ಟೂಲಿನ ಮೇಲೆ ಕಾಲು ಚಾಚಿ ಕೂತೆ. ಬೇಕಾದವರು ಸೋಮಾರಿ ಎಂದುಕೊಳ್ಳಲಿ.