ಕಂಪ್ಯೂಟರ್ ಮುಂದಿನ ಮುಯ್ಯಾಳು

ಮುಳ್ಳೂರಿನ ಭವ್ಯ, ನಿಂಗರಾಜುವಿಗೆ ಒಂದು ದಿನದ ಮುಯ್ಯಾಳು ಕೊಡಬೇಕು. ಇನ್ನೂ ಕೊಟ್ಟಿಲ್ಲ.

ಇಬ್ಬರೂ ಕೊಳ್ಳೇಗಾಲದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಸಾಫ್ಟ್‌ವೇರ್ ಬರೆಯುವವರು. ರೇಷ್ಮೆಯ ಮರಿಹುಳು ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರಗಳಿಗೆ ಅವರ ಆ್ಯಪ್. ಯಾರ ಮನೆಗೆ ಯಾವ ದಿನ ಹುಳು ಹೋಗಬೇಕೆಂದು ಅದು ಹೇಳುತ್ತದೆ. ಆಫೀಸು ನಡೆಸುವ ಉದಯಕುಮಾರ್ ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಮೀಟಿಂಗ್ ಮಾಡುತ್ತಿದ್ದ. ಅದಕ್ಕೆ ಅಜೈಲ್, ಅಂದರೆ ಚುರುಕು ಪದ್ಧತಿ, ಅನ್ನುತ್ತಿದ್ದ. ಮೇಸ್ತ್ರಿ ಮುಂದೆ ಕೂಲಿಯವರು ನಿಂತ ಹಾಗೆ ಎಲ್ಲರೂ ಅವನ ಮುಖ ನೋಡಿ ವರದಿ ಒಪ್ಪಿಸುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೀಟಿಂಗ್ ಮುಗಿದರೆ ಅವರವರ ಕೆಲಸ ಅವರವರ ತಲೆಯೊಳಗೆ.

ಭವ್ಯಳಿಗೆ ಇದು ಸರಿಬರಲಿಲ್ಲ. ಅವಳ ಊರಲ್ಲಿ ನಾಟಿ ಬಂದರೆ ಇವತ್ತು ಇವರು ಅವರ ಗದ್ದೆಗೆ, ನಾಳೆ ಅವರು ಇವರ ಗದ್ದೆಗೆ. ಮುಯ್ಯಾಳೆಂದರೆ ಅದೇ. ಯಾರ ಬದು ಎಲ್ಲಿ ಸೋರುತ್ತದೆಂದು ಎಲ್ಲರಿಗೂ ಗೊತ್ತಿರುತ್ತದೆ.

"ನಿಂಗರಾಜಣ್ಣ, ನಾವೂ ಮುಯ್ಯಾಳು ಮಾಡ್ಕಳವ. ಒಂದಿನ ನೀನು ನನ್ ಪಕ್ಕ ಕೂತ್ಕ, ಒಂದಿನ ನಾನು ನಿನ್ ಪಕ್ಕ."

"ಮುದ್ದೆ ಇಕ್ತೀಯಾ? ನಮ್ಮೂರಲ್ಲಿ ಮುಯ್ಯಾಳ್ನ ಬರೀ ಹೊಟ್ಟೇಲಿ ಕಳ್ಸಲ್ಲ ಕಣಮ್ಮಿ."

ಮುದ್ದೆ ಇಕ್ಕಿದಳು. ಅವನು ಇಡೀ ದಿನ ಪಕ್ಕದಲ್ಲಿ ಕೂತು ಅವಳ ಕೆಲಸದಲ್ಲಿದ್ದ ದೊಡ್ಡ ತಪ್ಪು ಹಿಡಿದ. ಅವಳು ಅವನ ಪಕ್ಕ ಕೂರಬೇಕಾದ ದಿನ ಉದಯಕುಮಾರ್ ತಡೆದ.

"ಒಂದ್ ಕೆಲ್ಸಕ್ಕೆ ಇಬ್ರು ಯಾಕಮ್ಮ? ಇದೇನ್ ಮದ್ವೆ ಮನೆನಾ?"

ತನ್ನ ಕೆಲಸ ಮುಗಿದಿತ್ತಲ್ಲ, ಭವ್ಯಳೂ ಹಟ ಹಿಡಿಯಲಿಲ್ಲ.

ಆ ವಾರವೇ ಸತ್ತೇಗಾಲದ ರಸ್ತೆಯಲ್ಲಿ ನಿಂಗರಾಜುವಿನ ಬೈಕಿಗೆ ಕಬ್ಬಿನ ಲಾರಿ ಗುದ್ದಿತು. ಸೊಂಟ ಮುರಿಯಿತು, ತಲೆಗೆ ಪೆಟ್ಟು. ಜೀವ ಉಳಿಯಿತು.

ಆಗ ಚಳಿ ಶುರುವಾಗಿತ್ತು. ಹುಳು ಪೊರೆ ಬಿಡಲು ಮಂಕಾಗಿ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ಅದನ್ನು ಅಲುಗಿಸಬಾರದು. ಚಳಿಯಲ್ಲಿ ಹುಳು ಜ್ವರದಿಂದ ಏಳುವುದು ತಡ. ಆ ಲೆಕ್ಕವನ್ನು ಆ್ಯಪಿನೊಳಗೆ ಬರೆಯುತ್ತಿದ್ದವನು ನಿಂಗರಾಜು ಒಬ್ಬನೇ, ಅದೂ ಅರ್ಧಕ್ಕೆ ನಿಂತಿತ್ತು. ಕಾಮಗೆರೆಯ ಚಾಕಿ ಕೇಂದ್ರದ ಶಿವರತ್ನಮ್ಮ ಭವ್ಯಳಿಗೆ ಫೋನ್ ಮಾಡಿ ಕೂಗಿದರು.

"ಜ್ವರಕ್ಕೆ ಕೂತಿರೋ ಉಳಾನ ನಾಳೆ ಸಾಗ್ಸು ಅಂತದಲ್ಲವ್ವ ನಿಮ್ ಆ್ಯಪು! ಜನ ಉಳಿನ್ ಮನೆ ತೊಳ್ಕಂಡು ಕಾಯ್ತಾವ್ರೆ. ಏನೇಳ್ಲಿ?"

ಉದಯಕುಮಾರ್ ಲ್ಯಾಪ್‌ಟಾಪನ್ನು ಭವ್ಯಳ ಕೈಗಿಟ್ಟ. "ಆಸ್ಪತ್ರೆಗೆ ತಕಂಡೋಗು. ಅವ್ನ್ ಬಾಯಿ ಆಡ್ತದಲ್ಲ, ಕೇಳ್ಕಂಡ್ ಬಾ."

ಹೋದಳು. ನಿಂಗರಾಜು ಪರದೆ ನೋಡಿದ. ಬೆರಳು ಎತ್ತಿದ, ಇಳಿಸಿದ. ಹಣೆಯಲ್ಲಿ ಬೆವರು.

"ನಾನೇ ಬರ್ದದ್ದು ಕಣಮ್ಮಿ... ಎಲ್ಲಿ ಅಂತ ಗೊತ್ತಾಯ್ತಿಲ್ಲ. ತಡಿ, ಇನ್ನೊಂದ್ಸಲ ತೋರ್ಸು."

ಭವ್ಯ ತೋರಿಸಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದು ಉದಯಕುಮಾರನಿಗೆ ಫೋನ್ ಮಾಡಿದಳು.

"ಸಾ, ಅವ್ರನ್ನ ಕೇಳಕಾಗಲ್ಲ. ಆ್ಯಪ್ ನಿಲ್ಸಿ. ಉಳ ನೋಡಿ ಶಿವರತ್ನಮ್ಮನೋರೇ ದಿನ ಹೇಳ್ಲಿ."

"ಮರ್ವಾದೆ ಓಯ್ತದೆ ಕಣಮ್ಮ!"

"ಉಳ ಸತ್ರೆ ಮರ್ವಾದೆ ಬತ್ತದಾ ಸಾ?"

ಆ್ಯಪ್ ನಿಂತಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಅವಳು ರೈತರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಬೈಸಿಕೊಂಡಳು. ಹನೂರು ಕಡೆಗೆ ಆಗಲೇ ಹೊರಟಿದ್ದ ಹುಳುಗಳು ತಿಪ್ಪೆ ಸೇರಿದವು, ಉಳಿದವು ಬದುಕಿದವು. ನಿಂಗರಾಜು ಇನ್ನೂ ಮಂಚ ಬಿಟ್ಟಿಲ್ಲ. ಆ ಲೆಕ್ಕವನ್ನು ಈಗ ಭವ್ಯ ಮತ್ತು ಅದೇ ಆಫೀಸಿನ ದೀಪ ಒಂದೇ ಮೇಜಿಗೆ ಕೂತು ಮೊದಲಿಂದ ಬರೆಯುತ್ತಿದ್ದಾರೆ. ಉದಯಕುಮಾರನ ಅಪ್ಪಣೆ ಕೇಳಿಲ್ಲ.

ಆಫೀಸು ನಡೆಸುವವರೇ, ನೀವು ಹೇಳಿ. ನಿಮ್ಮ ಕೆಲಸಗಾರನೊಬ್ಬ ಆಸ್ಪತ್ರೆಯಲ್ಲಿ ಮಲಗಿದರೆ, ಅವನನ್ನು ಎಬ್ಬಿಸದೆ ನಿಮ್ಮ ಕೆಲಸ ನಡೆಯುತ್ತದೆಯೇ? ನಡೆಯದಿದ್ದರೆ ನಾಳೆಯೇ ಅವನ ಕೆಲಸ ಇನ್ನೊಬ್ಬರಿಗೆ ಕಲಿಸಿ. ಕಲಿಯುವ ದಿನವನ್ನು ದಂಡವಾದ ದಿನ ಅನ್ನಬೇಡಿ.